ಕುಡಿದ ಮರುದಿನದ ಸಂಕಟ: ಮೈಯದ್ದೆಷ್ಟು, ಮನಸ್ಸಿನದ್ದೆಷ್ಟು?



ಕುಡಿತದ ಬಗ್ಗೆ ನಾವು ಬೇಕಾದಷ್ಟು ಮಾತು ಕೇಳಿದ್ದೇವೆ. ಕುಡಿತದಿಂದ ಮನೆ ಹಾಳು, ದುಡ್ಡು ಹಾಳು, ಮೈ ಹಾಳು. ಇದು ನಮಗೆ ಹೊಸದಲ್ಲ. ಈ ಪಾಠದಲ್ಲಿ ಒಂದು ಬೇರೆ ವಿಷಯ ತಿಳಿಯೋಣ. ಕುಡಿದ ಮರುದಿನ ಬೆಳಿಗ್ಗೆ ಏನಾಗುತ್ತದೆ? ಯಾಕೆ ಆಗುತ್ತದೆ? ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಯಾಕೆ?

ಇದನ್ನು ನಾವು ಯಾಕೆ ತಿಳಿಯಬೇಕು? ಕುಡಿಯೋದು ಅವರು, ನಮಗ್ಯಾಕೆ ಅಂತ ಕೇಳಬಹುದು. ಕುಡಿದ ರಾತ್ರಿಯ ಮರುದಿನದ ಬೆಳಗು ಮನೆಯವರೆಲ್ಲರ ತಲೆಯ ಮೇಲೆ ಬೀಳುತ್ತದೆ. ಕೂಲಿ ತಪ್ಪುತ್ತದೆ. ಮಕ್ಕಳು ಹೆದರಿ ಮೂಲೆ ಸೇರುತ್ತಾರೆ. ಪಾತ್ರೆ ಸದ್ದಾದರೂ ಸಿಟ್ಟು. “ನಿನ್ನ ಬಾಯಿಂದಲೇ ನನಗೆ ತಲೆನೋವು” ಅನ್ನುವ ಮಾತು. ಎಷ್ಟೋ ಮನೆಗಳಲ್ಲಿ ಹೆಂಗಸರು ಈ ಮಾತನ್ನು ನಂಬಿಯೂ ಬಿಟ್ಟಿದ್ದಾರೆ. ಈ ಮಾತು ನಿಜವೇ? ನೋಡೋಣ.

ಈ ಸಂಕಟ ಅಂದರೆ ಏನು?

ರಾತ್ರಿ ಹೆಚ್ಚು ಕುಡಿದವರಿಗೆ ಬೆಳಿಗ್ಗೆ ತಲೆ ಸಿಡಿಯುತ್ತದೆ. ಬಾಯಿ ಒಣಗುತ್ತದೆ. ಹೊಟ್ಟೆ ತೊಳಸುತ್ತದೆ. ವಾಂತಿ ಬರುತ್ತದೆ. ಮೈಯೆಲ್ಲ ಸುಸ್ತು. ಬೆಳಕು ಕಂಡರೆ ಆಗದು, ಸದ್ದು ಕೇಳಿದರೆ ಆಗದು. ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮನಸ್ಸಿಗೂ ಬೇಸರ, ಭಯ, ಸಿಟ್ಟು. ಪೇಟೆಯವರು ಇದಕ್ಕೆ ಹ್ಯಾಂಗೋವರ್ ಅನ್ನುತ್ತಾರೆ. ನಾವು ಇಲ್ಲಿ ‘ಮರುದಿನದ ಸಂಕಟ’ ಅಂತ ಕರೆಯೋಣ.

ಒಂದು ಸೋಜಿಗ ಇದೆ. ಮದ್ಯದ ಅಮಲು ಮೈಯಲ್ಲಿ ಹೆಚ್ಚಾಗಿ ಇರುವಾಗ ಈ ಸಂಕಟ ಇರುವುದಿಲ್ಲ. ಅಮಲು ಇಳಿಯುತ್ತಾ ಬಂದಾಗ ಶುರುವಾಗುತ್ತದೆ. ರಕ್ತದಲ್ಲಿ ಮದ್ಯಸಾರ ಹೆಚ್ಚುಕಡಿಮೆ ಪೂರಾ ಖಾಲಿಯಾದ ಹೊತ್ತಿಗೆ ಸಂಕಟ ಜೋರಾಗಿರುತ್ತದೆ. ಕೆಲವರಿಗೆ ಇಡೀ ದಿನ ಇರುತ್ತದೆ.

ಮೈಯೊಳಗೆ ನಡೆಯುವುದೇನು?

ಮದ್ಯಸಾರ ಮೈಗೆ ಒಂದು ವಿಷ. ಅದನ್ನು ಕರಗಿಸುವ ಕೆಲಸ ಲಿವರಿನದು. ಅದನ್ನು ನಾವು ಈಲಿ ಅಂತಲೂ ಕರೆಯುತ್ತೇವೆ. ಈಲಿ ಈ ಕೆಲಸವನ್ನು ಎರಡು ಹಂತದಲ್ಲಿ ಮಾಡುತ್ತದೆ. ಮೊದಲ ಹಂತದಲ್ಲಿ ಮದ್ಯಸಾರ ಇನ್ನೊಂದು ವಿಷವಾಗುತ್ತದೆ. ಅದರ ಹೆಸರು ಅಸಿಟಾಲ್ಡಿಹೈಡ್. ಇದು ಮದ್ಯಸಾರಕ್ಕಿಂತ ಕೆಟ್ಟದ್ದು. ಎರಡನೇ ಹಂತದಲ್ಲಿ ಈ ವಿಷ ಮುರಿದು, ಮೈಗೆ ಅಷ್ಟು ಕೆಡುಕು ಮಾಡದ ವಸ್ತುವಾಗುತ್ತದೆ.

ಈಲಿಗೆ ಅವಸರ ಮಾಡಲು ಬರುವುದಿಲ್ಲ. ಗಂಟೆಗೆ ಸುಮಾರು 7 ರಿಂದ 10 ಗ್ರಾಂ ಮದ್ಯಸಾರವನ್ನು ಮಾತ್ರ ಅದು ಕರಗಿಸಬಲ್ಲದು. ಈಗ ಒಂದು ಲೆಕ್ಕ ಮಾಡೋಣ. ಬ್ರಾಂದಿ ಅಥವಾ ರಮ್ಮಿನ ಒಂದು ಕ್ವಾರ್ಟರ್ ಬಾಟಲಿ ಅಂದರೆ 180 ಮಿಲಿ. ಅದರಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಗಂಟೆಗೆ 10 ಗ್ರಾಂ ಕರಗಿದರೂ 6 ಗಂಟೆ ಬೇಕು. ನಿಧಾನವಾದರೆ 8 ಗಂಟೆಯೂ ಆಗಬಹುದು. ರಾತ್ರಿ 10 ಗಂಟೆಗೆ ಒಂದು ಕ್ವಾರ್ಟರ್ ಮುಗಿಸಿದವರ ಈಲಿ ಬೆಳಗಿನ ಜಾವದವರೆಗೂ ದುಡಿಯುತ್ತಲೇ ಇರುತ್ತದೆ. ಎರಡು ಕ್ವಾರ್ಟರ್ ಕುಡಿದವರ ರಕ್ತದಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಟಾಗಲೂ ಮದ್ಯ ಇರುತ್ತದೆ. ಅಂಥವರು ಗಾಡಿ ಓಡಿಸುವುದು, ಗಾರೆ ಕೆಲಸಕ್ಕೆ ಸಾರುವೆ ಹತ್ತುವುದು ಅಪಾಯ.

ಇಷ್ಟೇ ಅಲ್ಲ. ಮದ್ಯ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ಅದಕ್ಕೇ ವಾಂತಿ, ಉರಿ. ಮದ್ಯ ಮೂತ್ರವನ್ನು ಹೆಚ್ಚು ಮಾಡುತ್ತದೆ. ಅದಕ್ಕೇ ದಾಹ. ಗಾಯವಾದಾಗ, ಜ್ವರ ಬಂದಾಗ ಮೈ ಹೋರಾಡುತ್ತದಲ್ಲ, ಕುಡಿದಾಗಲೂ ಹಾಗೇ ಹೋರಾಡುತ್ತದೆ. ಅದಕ್ಕೇ ಮೈ ಕೈ ನೋವು, ಸುಸ್ತು. ಕುಡಿದವರು ಬೇಗ ಮಲಗಿಬಿಡುತ್ತಾರೆ, ಆದರೆ ಆ ನಿದ್ದೆ ಒಳ್ಳೆಯ ನಿದ್ದೆ ಅಲ್ಲ. ಅರ್ಧ ರಾತ್ರಿ ಕಳೆದ ಮೇಲೆ ನಿದ್ದೆ ಒಡೆಯುತ್ತದೆ.

ಮಿದುಳಿನ ಹಗ್ಗ ಜಗ್ಗಾಟ

ಈಗ ಮನಸ್ಸಿನ ಕಡೆ ಬರೋಣ. ಬೆಳಿಗ್ಗೆ ಭಯ, ನಡುಕ, ಸಿಟ್ಟು ಎಲ್ಲಿಂದ ಬರುತ್ತದೆ?

ನಾವು ಜಾತ್ರೆಯಲ್ಲಿ, ಶಾಲೆಯ ಆಟದಲ್ಲಿ ಹಗ್ಗ ಜಗ್ಗಾಟ ನೋಡಿದ್ದೇವೆ. ಎರಡು ಕಡೆಯವರೂ ಜಗ್ಗುತ್ತಾರೆ. ಕುಡಿದಾಗ ಮಿದುಳಿನಲ್ಲೂ ಹೀಗೆ ಆಗುತ್ತದೆ. ಮದ್ಯ ಮಿದುಳನ್ನು ಮಂಪರಿನ ಕಡೆಗೆ ಎಳೆಯುತ್ತದೆ. ಮಿದುಳು ಸುಮ್ಮನಿರುವುದಿಲ್ಲ. ಎಚ್ಚರವಾಗಿರಲು ತನ್ನ ಕಡೆಗೆ ಎಳೆಯುತ್ತದೆ. ರಾತ್ರಿಯೆಲ್ಲ ಈ ಜಗ್ಗಾಟ ನಡೆಯುತ್ತದೆ. ಬೆಳಗಿನ ಜಾವ ಮದ್ಯ ಖಾಲಿಯಾಗುತ್ತದೆ. ಆ ಕಡೆಯವರು ಹಗ್ಗ ಬಿಟ್ಟ ಹಾಗೆ. ಈ ಕಡೆಯವರು ಏನಾಗುತ್ತಾರೆ? ದಬಕ್ಕನೆ ಹಿಂದಕ್ಕೆ ಬೀಳುತ್ತಾರೆ. ಮಿದುಳೂ ಹಾಗೇ ಮುಗ್ಗರಿಸುತ್ತದೆ. ಎಚ್ಚರ ಅತಿಯಾಗುತ್ತದೆ. ಎದೆ ಡವಡವ ಅನ್ನುತ್ತದೆ. ಕಾರಣವಿಲ್ಲದೆ ಭಯ. ಸಣ್ಣ ಸದ್ದಿಗೂ ಸಿಡುಕು.

ಅಂದರೆ ಬೆಳಗಿನ ಆ ಸಿಡುಕು ಹುಟ್ಟಿದ್ದು ಹಿಂದಿನ ರಾತ್ರಿಯ ಬಾಟಲಿಯಲ್ಲಿ. ನಮ್ಮ ಮಾತಿನಲ್ಲಿ ಅಲ್ಲ. ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ.

ಕುಡಿತ ಒಂದೇ, ಸಂಕಟ ಬೇರೆ ಬೇರೆ

ಇಬ್ಬರು ಗಾರೆ ಕೆಲಸದವರು ಇದ್ದಾರೆ ಅಂದುಕೊಳ್ಳೋಣ. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಅಳತೆ ಕುಡಿದರು. ಮರುದಿನ ಒಬ್ಬ ಮುಖ ತೊಳೆದು ಕೆಲಸಕ್ಕೆ ಹೋದ. ಇನ್ನೊಬ್ಬ ಹೊದ್ದು ಮಲಗಿ ನರಳಿದ. ಯಾಕೆ ಹೀಗೆ?

ಕೆಲವು ಕಾರಣ ಮೈಯವು. ಸಣ್ಣ ಮೈಯವರಿಗೆ ಅದೇ ಅಳತೆ ಹೆಚ್ಚು ತಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ. ಬಣ್ಣ ಗಾಢವಾದ ಬ್ರಾಂದಿ, ವಿಸ್ಕಿ, ರಮ್ಮಿನಲ್ಲಿ ಮದ್ಯಸಾರದ ಜೊತೆ ಬೇರೆ ವಸ್ತುಗಳೂ ಸೇರಿರುತ್ತವೆ. ಅವು ಸಂಕಟವನ್ನು ಹೆಚ್ಚು ಮಾಡುತ್ತವೆ. ಹುಟ್ಟಿನಿಂದ ಬಂದ ಗುಣವೂ ಸೇರುತ್ತದೆ. ಅಪ್ಪ ಅಮ್ಮನಿಂದ ಕಣ್ಣಿನ ಬಣ್ಣ ಬರುವ ಹಾಗೆ, ಮದ್ಯವನ್ನು ಕರಗಿಸುವ ಶಕ್ತಿಯೂ ಬರುತ್ತದೆ. ಆಸ್ಟ್ರೇಲಿಯಾ ದೇಶದಲ್ಲಿ ಸಾವಿರಾರು ಅವಳಿ ಜವಳಿಗಳನ್ನು ಕೇಳಿ ನೋಡಿದ ಒಂದು ಅಧ್ಯಯನ 2014 ರಲ್ಲಿ ಬಂತು. ಯಾರಿಗೆ ಎಷ್ಟು ಸಲ ಈ ಸಂಕಟ ಬರುತ್ತದೆ ಅನ್ನುವುದರಲ್ಲಿ ಹುಟ್ಟುಗುಣದ ಪಾಲು ಅರ್ಧಕ್ಕೆ ಸ್ವಲ್ಪ ಕಡಿಮೆ ಅಂತ ಅದರಿಂದ ತಿಳಿಯಿತು.

ಇನ್ನು ಕೆಲವು ಕಾರಣ ಮನಸ್ಸಿನವು. ಒಬ್ಬೊಬ್ಬರ ಸ್ವಭಾವ ಒಂದೊಂದು. ಆ ಸ್ವಭಾವ ಮರುದಿನದ ಸಂಕಟವನ್ನೂ ಬದಲಿಸುತ್ತದೆ. ಇದನ್ನು ಬೇರೆ ದೇಶಗಳಲ್ಲಿ ತಜ್ಞರು ಪರೀಕ್ಷೆ ಮಾಡಿ ನೋಡಿದ್ದಾರೆ. ನಾಲ್ಕು ಸ್ವಭಾವ ತಿಳಿಯೋಣ.

ಒಂದು: ನೋವನ್ನು ದೊಡ್ಡದು ಮಾಡುವ ಮನಸ್ಸು

ಕೆಲವರಿಗೆ ಸ್ವಲ್ಪ ತಲೆ ನೋವು ಬಂದರೂ “ಅಯ್ಯೋ, ಇದು ಇಳಿಯೋದೇ ಇಲ್ಲ, ನಾನು ಸತ್ತೇ ಹೋಗ್ತೀನಿ” ಅನಿಸುತ್ತದೆ. ಮನಸ್ಸು ಬೇರೆ ಕಡೆ ಹೋಗುವುದೇ ಇಲ್ಲ. ನೋವಿನ ಸುತ್ತಲೇ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. 2020 ರಲ್ಲಿ ಬ್ರಿಟನ್ನಿನ ತಜ್ಞರು ಇದನ್ನು ನೋಡಿದರು. ನೋವನ್ನು ಹೀಗೆ ದೊಡ್ಡದು ಮಾಡುವವರಿಗೆ ಮರುದಿನದ ಸಂಕಟವೂ ಹೆಚ್ಚು ಅನಿಸುತ್ತದೆ ಅಂತ ಕಂಡುಕೊಂಡರು.

ಇದು ನಾಟಕ ಅಂತ ಅರ್ಥವಲ್ಲ. ಅವರಿಗೆ ನೋವು ನಿಜವಾಗಿಯೂ ಹೆಚ್ಚು ಅನಿಸುತ್ತದೆ. ನೋವು ತಿಳಿಯುವುದು ಮಿದುಳಿನಲ್ಲೇ ಅಲ್ಲವೇ?

ಎರಡು: ಸಂಕೋಚದ ಮನಸ್ಸು

ಕೆಲವರಿಗೆ ನಾಲ್ಕು ಜನರ ನಡುವೆ ಮಾತಾಡಲು ನಾಚಿಕೆ, ಅಂಜಿಕೆ. ಎರಡು ಗುಟುಕು ಹಾಕಿದರೆ ಧೈರ್ಯ ಬರುತ್ತದೆ ಅಂತ ಕುಡಿಯುತ್ತಾರೆ. ಆ ಹೊತ್ತಿಗೆ ಅಂಜಿಕೆ ಸ್ವಲ್ಪ ಕಡಿಮೆ ಆಗುತ್ತದೆ. ಮರುದಿನ? 2019 ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 100 ಜನರನ್ನು ನೋಡಿದ ಅಧ್ಯಯನ ಒಂದು ಬಂತು. ಬಹಳ ಸಂಕೋಚದವರು ಕುಡಿದ ಮರುದಿನ, ಅವರ ಅಂಜಿಕೆ ಮೊದಲಿಗಿಂತ ಜಾಸ್ತಿ ಆಗಿತ್ತು. ಆ ಅಂಜಿಕೆ ಹೆಚ್ಚಾದವರಲ್ಲಿ ಕುಡಿತದ ಚಟದ ಲಕ್ಷಣಗಳೂ ಹೆಚ್ಚು ಕಂಡವು.

ಅಂಜಿಕೆ ಕಳೆಯಲು ಕುಡಿದರೆ ಮರುದಿನ ಅಂಜಿಕೆ ಬಡ್ಡಿ ಸಮೇತ ಬರುತ್ತದೆ. ಅದನ್ನು ಕಳೆಯಲು ಮತ್ತೆ ಕುಡಿತ. ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ಮೂರು: ತಪ್ಪು ಮಾಡಿದೆ ಅನ್ನುವ ಕೊರಗು

“ನಿನ್ನೆ ಏನು ಮಾತಾಡಿದೆನೋ, ಯಾರನ್ನು ಬೈದೆನೋ, ಮಕ್ಕಳ ಫೀಸಿನ ದುಡ್ಡು ಖರ್ಚು ಮಾಡಿಬಿಟ್ಟೆನಲ್ಲ.” ಈ ಕೊರಗು ಬೆಳಿಗ್ಗೆ ಎದ್ದ ಕೂಡಲೇ ಕುಕ್ಕುತ್ತದೆ. ಅಮೆರಿಕದ ಟೆಕಮ್ಸೆ ಅನ್ನುವ ಊರಿನ ಜನರನ್ನು ಕೇಳಿ ಮಾಡಿದ ಅಧ್ಯಯನ 1993 ರಲ್ಲಿ ಬಂತು. ಕುಡಿತದ ಬಗ್ಗೆ ಕೊರಗು ಇದ್ದವರಿಗೆ, ಕುಡಿದಾಗ ಸಿಟ್ಟು ಅಥವಾ ದುಃಖ ಬರುವವರಿಗೆ ಮರುದಿನದ ಸಂಕಟ ಹೆಚ್ಚು ಅಂತ ಅದು ತೋರಿಸಿತು.

ಈ ಕೊರಗು ಎಷ್ಟೋ ಸಲ ಸಿಟ್ಟಿನ ವೇಷ ಹಾಕಿ ಬರುತ್ತದೆ. ಒಳಗೆ ನಾಚಿಕೆ, ಹೊರಗೆ ಕಿರುಚಾಟ. ತಪ್ಪು ತನ್ನದು ಅಂತ ಒಪ್ಪಲು ಆಗದೆ ಹೆಂಡತಿಯ ಮೇಲೆ ಹಾಕುವುದು.

ನಾಲ್ಕು: ದುಃಖ ಮರೆಯಲು ಕುಡಿಯುವ ಮನಸ್ಸು

ಸಾಲದ ಚಿಂತೆ, ಬೆಳೆ ಹೋದ ಚಿಂತೆ, ಮನೆಯಲ್ಲಿ ಸಾವು. ಇದನ್ನು ಮರೆಯಲು ಕೆಲವರು ಕುಡಿಯುತ್ತಾರೆ. ಇಂಥವರು ಹಬ್ಬದ ದಿನ ನಾಲ್ಕು ಜನರ ಜೊತೆ ಕುಡಿಯುವವರಂತಲ್ಲ. ಒಬ್ಬರೇ, ಬೇಗ ಬೇಗ, ಹೆಚ್ಚು ಕುಡಿಯುತ್ತಾರೆ. ಬೆಳಿಗ್ಗೆ ಚಿಂತೆ ಅಲ್ಲೇ ಕೂತಿರುತ್ತದೆ. ಸಾಲಗಾರ ಬಾಗಿಲಿಗೆ ಬಂದೇ ಬರುತ್ತಾನೆ. ಚಿಂತೆಯ ಜೊತೆಗೆ ಈಗ ತಲೆನೋವು, ಖಾಲಿ ಜೇಬು. ಒಂದು ಹೊರೆ ಎರಡಾಗುತ್ತದೆ.

ಹಾಗಾದರೆ ಮೂಲ ಯಾವುದು?

ಇಷ್ಟು ಓದಿದ ಮೇಲೆ ಯಾರಾದರೂ “ನೋಡು, ನನ್ನ ಸ್ವಭಾವವೇ ಹಾಗೆ, ನಾನೇನು ಮಾಡಲಿ” ಅನ್ನಬಹುದು. ಇನ್ನು ಕೆಲವರು “ನಿನ್ನಿಂದಲೇ ನನಗೆ ಚಿಂತೆ, ಅದಕ್ಕೇ ನನಗೆ ಸಂಕಟ” ಅನ್ನಬಹುದು. ಎರಡೂ ಸರಿಯಲ್ಲ.

ಒಂದು ಉದಾಹರಣೆ ನೋಡೋಣ. ಒಲೆಯಲ್ಲಿ ಬೆಂಕಿ ಉರಿಯುತ್ತದೆ. ಸೌದೆ ಹಸಿಯಾದರೆ ಹೊಗೆ ಹೆಚ್ಚು, ಒಣಗಿದ್ದರೆ ಹೊಗೆ ಕಡಿಮೆ. ಆದರೆ ಬೆಂಕಿಯೇ ಹಚ್ಚದಿದ್ದರೆ ಹೊಗೆ ಎಲ್ಲಿಂದ ಬರಬೇಕು? ಸ್ವಭಾವ ಅಂದರೆ ಸೌದೆ. ಕುಡಿತ ಅಂದರೆ ಬೆಂಕಿ. ಕುಡಿಯದಿದ್ದರೆ ಎಂಥ ಸ್ವಭಾವದವರಿಗೂ ಈ ಸಂಕಟ ಇಲ್ಲ. ಹೆಚ್ಚು ಕುಡಿದಷ್ಟೂ ಸಂಕಟ ಹೆಚ್ಚು. ಮನಸ್ಸು ಅದನ್ನು ಸ್ವಲ್ಪ ಏರಿಸಬಹುದು, ಇಳಿಸಬಹುದು.

ಇನ್ನೊಂದು ಮಾತು. ಸಂಕಟ ಆಗದವರು ಬಲಶಾಲಿಗಳು ಅಂತ ಕೆಲವರು ತಿಳಿಯುತ್ತಾರೆ. “ನಮ್ಮವರು ಎಷ್ಟು ಕುಡಿದರೂ ಬೆಳಿಗ್ಗೆ ಗಟ್ಟಿಯಾಗಿರ್ತಾರೆ” ಅಂತ ಹೇಳುವುದನ್ನು ಕೇಳಿದ್ದೇವೆ. ತಲೆ ನೋಯಲಿಲ್ಲ ಅಂದರೆ ಈಲಿ ಕೆಡಲಿಲ್ಲ ಅಂತ ಅರ್ಥ ಅಲ್ಲ. ಈಲಿ ಬಹಳ ದಿನ ಸದ್ದಿಲ್ಲದೆ ಕೆಡುತ್ತದೆ. ಕಣ್ಣು ಹಳದಿಯಾಗಿ ಹೊಟ್ಟೆ ಊದಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವಂಥ ಅಳತೆ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023 ರಲ್ಲಿ ಹೇಳಿದೆ.

ಸಂಕಟ ಬುದ್ಧಿ ಕಲಿಸುತ್ತದೆಯೇ?

“ಅನುಭವಿಸಲಿ, ಆಗ ಬುದ್ಧಿ ಬರುತ್ತೆ” ಅಂತ ನಾವು ಎಷ್ಟೋ ಸಲ ಅಂದುಕೊಳ್ಳುತ್ತೇವೆ. ಬೆಳಿಗ್ಗೆ ಅವರೂ ಆಣೆ ಮಾಡುತ್ತಾರೆ, “ಇನ್ನು ಮುಟ್ಟೋದಿಲ್ಲ” ಅಂತ. ಸಂಜೆ ಆಗುತ್ತಲೇ ಕಾಲು ಅದೇ ದಾರಿ ಹಿಡಿಯುತ್ತದೆ.

ಇದನ್ನೂ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದಾರೆ. ಆಗಾಗ ಕುಡಿಯುವವರನ್ನು ದಿನ ದಿನವೂ ಕೇಳಿ ಬರೆದುಕೊಂಡರು. ಮರುದಿನದ ಸಂಕಟ ಬಂದರೂ ಅವರ ಮುಂದಿನ ಕುಡಿತ ಹೆಚ್ಚೇನೂ ತಡವಾಗಲಿಲ್ಲ ಅಂತ 2014 ರಲ್ಲಿ ತಿಳಿಸಿದರು. ಯಾಕೆ? ಕುಡಿದ ಸುಖ ಕೂಡಲೇ ಸಿಗುತ್ತದೆ. ನೋವು ಬರುವುದು ಹತ್ತು ಗಂಟೆ ಕಳೆದ ಮೇಲೆ. ಮನಸ್ಸು ಹತ್ತಿರದ್ದನ್ನು ನೆನಪಿಡುತ್ತದೆ, ದೂರದ್ದನ್ನು ಮರೆಯುತ್ತದೆ.

ಕೆಲವರು ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಸ್ವಲ್ಪ ಕುಡಿಯುತ್ತಾರೆ. ಆಗ ನಡುಕ ನಿಲ್ಲುತ್ತದೆ, ತಲೆನೋವು ಇಳಿದ ಹಾಗೆ ಅನಿಸುತ್ತದೆ. ಇದು ಔಷಧಿ ಅಲ್ಲ. ಸಂಕಟವನ್ನು ಮುಂದಕ್ಕೆ ತಳ್ಳಿದ್ದು ಅಷ್ಟೇ. ಬೆಳಿಗ್ಗೆಯ ಗುಟುಕು ಚಟ ಗಟ್ಟಿಯಾಗಿರುವ ಗುರುತು. ಡಾಕ್ಟರು ಕುಡಿತದ ಬಗ್ಗೆ ಕೇಳುವ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು.

ಇದು ಬರೀ ಸಂಕಟ ಅಲ್ಲ, ಅಪಾಯ

ಇಲ್ಲಿ ನಿಧಾನವಾಗಿ ಓದಿ. ಇದು ಪ್ರಾಣದ ವಿಷಯ.

ಅಪರೂಪಕ್ಕೆ ಕುಡಿದವರ ಸಂಕಟ ಒಂದು ದಿನದಲ್ಲಿ ಇಳಿಯುತ್ತದೆ. ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಆಗುವುದು ಬೇರೆ. ಆರೇಳು ಗಂಟೆಯಲ್ಲಿ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಬಹುದು, ಕೇಳಬಹುದು. ಹುಳು ಹರಿದ ಹಾಗೆ, ಯಾರೋ ಕರೆದ ಹಾಗೆ. ಮಾತು ಅಡ್ಡಾದಿಡ್ಡಿ ಆಗುತ್ತದೆ. ಇದಕ್ಕೆ ಗಾಳಿ ಸೋಕು ಅಂತ ಮಂತ್ರ ಹಾಕಿಸುತ್ತಾ ಕೂರಬೇಡಿ. ಕೋಣೆಯಲ್ಲಿ ಕೂಡಿಹಾಕಬೇಡಿ. ಪ್ರಾಣ ಹೋಗಬಹುದು. ಕೂಡಲೇ 108 ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಿನಾ ಕುಡಿಯುವವರು ಬಿಡಬೇಕು ಅಂದರೆ ಡಾಕ್ಟರ ಸಲಹೆ ಪಡೆದೇ ಬಿಡಬೇಕು.

ಇನ್ನೊಂದು ಅಪಾಯ ಕಳ್ಳಬಟ್ಟಿಯದು. ಕರ್ನಾಟಕದಲ್ಲಿ ಸಾರಾಯಿ 2007 ರ ಜುಲೈಯಲ್ಲಿ ನಿಂತಿತು. ಆದರೂ ಕದ್ದು ಮಾರುವ ಹೆಂಡ ಕೆಲವು ಕಡೆ ಸಿಗುತ್ತದೆ. ಅದರಲ್ಲಿ ಮೆಥನಾಲ್ ಅನ್ನುವ ವಿಷ ಸೇರಿದ್ದರೆ ಮರುದಿನ ಕಣ್ಣು ಮಂಜಾಗುತ್ತದೆ, ಹೊಟ್ಟೆ ನೋಯುತ್ತದೆ, ಉಸಿರು ಏರುತ್ತದೆ. 1981 ರಲ್ಲಿ ಬೆಂಗಳೂರಿನಲ್ಲಿ, 2008 ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯ ಊರುಗಳಲ್ಲಿ ಇಂಥ ವಿಷದ ಹೆಂಡಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. ಕುಡಿದವರು “ಕಣ್ಣು ಕಾಣ್ತಿಲ್ಲ” ಅಂದರೆ ಒಂದು ಗಳಿಗೆಯೂ ಕಾಯಬಾರದು.

ನಾವು ಮಾಡಬಹುದಾದ್ದು, ಮಾಡಬಾರದ್ದು

ಮರುದಿನದ ಸಂಕಟಕ್ಕೆ ಗ್ಯಾರಂಟಿ ಮದ್ದು ಯಾವುದೂ ಇಲ್ಲ. ನೀರು, ಮಜ್ಜಿಗೆ, ಗಂಜಿ ಕೊಡಬಹುದು. ದಾಹ ತೀರುತ್ತದೆ, ಹೊಟ್ಟೆಗೆ ಸಮಾಧಾನ ಆಗುತ್ತದೆ. ಆದರೆ ಪೂರಾ ಗುಣ ಆಗುವುದಿಲ್ಲ. ಕಾಫಿ ಕುಡಿದರೆ, ತಣ್ಣೀರು ಸುರಿದರೆ ಮದ್ಯ ಬೇಗ ಕರಗುವುದಿಲ್ಲ. ಅದನ್ನು ಕರಗಿಸುವುದು ಹೊತ್ತು ಮಾತ್ರ.

ಅಂಗಡಿಯ ಮಾತ್ರೆ ಕೊಡುವ ಮುಂಚೆ ಯೋಚಿಸಿ. ಪ್ಯಾರಾಸಿಟಮಾಲ್ ಹೆಚ್ಚಾದರೆ, ಮೊದಲೇ ದಣಿದ ಈಲಿಗೆ ಪೆಟ್ಟು. ಆಸ್ಪಿರಿನ್ ಹೊಟ್ಟೆಯ ಹುಣ್ಣನ್ನು ಕೆರಳಿಸುತ್ತದೆ.

ಕುಡಿತ ಬಿಡಿಸುವ ಪುಡಿ ಅಂತ ಗೋಡೆಯ ಮೇಲೆ ಜಾಹೀರಾತು ನೋಡಿದ್ದೇವೆ. “ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ” ಅಂತ ಹೇಳುತ್ತಾರೆ. ಇದನ್ನು ಮಾಡಲೇಬಾರದು. ಡೈಸಲ್ಫಿರಾಮ್ ಅನ್ನುವ ಔಷಧಿ ಒಂದಿದೆ. ಈಲಿಯ ಕೆಲಸದ ಎರಡನೇ ಹಂತ ನೆನಪಿದೆಯಾ? ಈ ಔಷಧಿ ಆ ಹಂತವನ್ನು ತಡೆಯುತ್ತದೆ. ಇದನ್ನು ತಿಂದವರು ಕುಡಿದರೆ ಆ ಕೆಟ್ಟ ವಿಷ ಮೈಯಲ್ಲಿ ತುಂಬಿಕೊಳ್ಳುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದ ಒತ್ತಡ ಕುಸಿಯಬಹುದು. ಸಾವೂ ಬರಬಹುದು. ಡಾಕ್ಟರು ಪರೀಕ್ಷೆ ಮಾಡಿ, ಕುಡಿಯುವವರಿಗೆ ತಿಳಿಸಿ, ಅವರು ಒಪ್ಪಿದ ಮೇಲೆ ಮಾತ್ರ ಕೊಡುವ ಔಷಧಿ ಅದು. ಜಾಹೀರಾತಿನ ಪುಡಿಯಲ್ಲಿ ಏನಿದೆ ಅಂತ ನಮಗೆ ಹೇಗೆ ಗೊತ್ತು?

ಮಾತಿಗೂ ಒಂದು ಹೊತ್ತು

ಕುಡಿದಿರುವಾಗ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಬೆಳಿಗ್ಗೆ ಮಿದುಳು ಮುಗ್ಗರಿಸಿ ಬಿದ್ದಿರುವಾಗ ಹೇಳಿದರೂ ಸಿಟ್ಟೇ ಬರುವುದು. ಮೈ ನೆಟ್ಟಗಾದ ಮೇಲೆ, ಮತ್ತೆ ಕುಡಿಯುವ ಹೊತ್ತಿಗೆ ಮುಂಚೆ, ಒಂದು ಶಾಂತ ಹೊತ್ತು ಇರುತ್ತದೆ. ಆಗ ಮಾತಾಡಬಹುದು. “ನೀವು ಕುಡುಕರು” ಅಂದರೆ ಜಗಳ. “ನಿನ್ನೆ 300 ರೂಪಾಯಿ ಹೋಯ್ತು, ಇವತ್ತಿನ ಕೂಲಿಯೂ ಹೋಯ್ತು, ಮಗು ರಾತ್ರಿ ಹೆದರಿ ಅಳ್ತಿತ್ತು, ಒಂದು ಸಲ ಆಸ್ಪತ್ರೆಗೆ ಹೋಗೋಣ ಬನ್ನಿ” ಅಂದರೆ ಕೇಳಿಯಾರು. ಅಂಜಿಕೆಗೆ, ದುಃಖಕ್ಕೆ ಕುಡಿಯುವವರಿಗೆ ಆ ಅಂಜಿಕೆ, ದುಃಖಕ್ಕೇ ಚಿಕಿತ್ಸೆ ಬೇಕು. ಅದಕ್ಕೂ ಡಾಕ್ಟರು ಇದ್ದಾರೆ.

ಆದರೆ ಇದೆಲ್ಲ ನಮ್ಮ ಜವಾಬ್ದಾರಿ ಅಂತ ತಿಳಿಯಬಾರದು. ನಾವು ಎಷ್ಟೇ ಮೆತ್ತಗೆ ಮಾತಾಡಿದರೂ ಅವರು ಕುಡಿಯಬಹುದು. ಅದು ನಮ್ಮ ಸೋಲಲ್ಲ. ಸಂಕಟ ಇದೆ ಅಂತ ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಮನೆಯೊಳಗಿನ ಹಿಂಸೆಯಿಂದ ಹೆಂಗಸರನ್ನು ಕಾಪಾಡುವ ಕಾನೂನು 2005 ರಲ್ಲಿ ಬಂತು, 2006 ರಿಂದ ಜಾರಿಯಲ್ಲಿದೆ. ಕುಡಿದಿದ್ದೆ, ತಲೆ ನೋಯುತ್ತಿತ್ತು ಅನ್ನುವುದು ಹೊಡೆತಕ್ಕೆ ನೆಪ ಆಗಲಾರದು.

ಕುಡಿಯುವ ಹೆಂಗಸರ ಮಾತು

ಹೆಂಗಸರಲ್ಲೂ ಕುಡಿಯುವವರು ಇದ್ದಾರೆ. ಮೈ ನೋವಿಗೆ, ದಣಿವಿಗೆ, ದುಃಖಕ್ಕೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಹೆಣ್ಣಿನ ಮೈಯಲ್ಲಿ ನೀರಿನ ಪಾಲು ಕಡಿಮೆ. ಅದಕ್ಕೇ ಅದೇ ಅಳತೆ ನಮಗೆ ಹೆಚ್ಚು ತಾಗುತ್ತದೆ. ಊರಿನವರು ಏನೆನ್ನುತ್ತಾರೋ ಅನ್ನುವ ಕೊರಗು ನಮಗೆ ಗಂಡಸರಿಗಿಂತ ಹೆಚ್ಚು. ಕದ್ದು ಕುಡಿದು, ಕದ್ದು ನರಳುತ್ತೇವೆ. ಬಸಿರಿಯರು ಒಂದು ಗುಟುಕೂ ಕುಡಿಯಬಾರದು, ಮಗುವಿನ ಮಿದುಳಿಗೆ ಪೆಟ್ಟು. ಚಟ ಅನ್ನುವುದು ಕಾಯಿಲೆ. ಹೆಂಗಸರಿಗೂ ಚಿಕಿತ್ಸೆ ಇದೆ.

ಎಲ್ಲಿ ಸಹಾಯ ಸಿಗುತ್ತದೆ?

ನಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಫೋನಿನಲ್ಲಿಯೂ ಕೇಳಬಹುದು.

14416 – ಟೆಲಿ ಮಾನಸ್. ಮನಸ್ಸಿನ ಕಷ್ಟಕ್ಕೆ. ಹಗಲು ರಾತ್ರಿ, ಕನ್ನಡದಲ್ಲಿ, ಪುಕ್ಕಟೆ. 2022 ರಲ್ಲಿ ಶುರುವಾಯಿತು.
14446 – ಚಟ ಬಿಡುವ ಸಲಹೆಗೆ.
181 – ಹೆಂಗಸರ ಸಹಾಯಕ್ಕೆ.
112 – ಪೊಲೀಸು, ತುರ್ತು ಸಹಾಯ.
108 – ಆಂಬುಲೆನ್ಸ್.

ಈ ನಂಬರುಗಳನ್ನು ನೋಟು ಪುಸ್ತಕದಲ್ಲಿ ನಮ್ಮ ಕೈಯಾರೆ ಬರೆದುಕೊಳ್ಳೋಣ. ಅಕ್ಷರ, ಅಂಕಿ ಕಲಿತಿರುವುದು ಇದಕ್ಕೇ ಅಲ್ಲವೇ?

ಒಂದು ಸಂಗತಿ ಇಲ್ಲಿ ನೆನೆಯೋಣ. ನಮ್ಮ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಅನ್ನುವ ಹಳ್ಳಿ ಇದೆ. ಅಲ್ಲಿನ ಹೆಂಗಸರೂ ನಮ್ಮ ಹಾಗೆ ಅಕ್ಷರ ಕಲಿಯಲು ಸೇರುತ್ತಿದ್ದರು. ಸಾರಾಯಿಯ ಬಗ್ಗೆ ಒಂದು ಪಾಠ ಓದಿದರು. ಓದಿ, ತಮ್ಮ ತಮ್ಮ ಮನೆಯ ಕಷ್ಟ ಮಾತಾಡಿದರು. “ನನ್ನ ಮನೆಯಲ್ಲಿ ಮಾತ್ರ ಹೀಗೆ” ಅಂತ ಅಂದುಕೊಂಡವರಿಗೆ ಎಲ್ಲರ ಮನೆಯಲ್ಲೂ ಹೀಗೇ ಅಂತ ತಿಳಿಯಿತು. 1992 ರಲ್ಲಿ ಅವರು ಊರಿನ ಸಾರಾಯಿ ಅಂಗಡಿ ನಿಲ್ಲಿಸಿದರು. ಚಳವಳಿ ಊರೂರಿಗೆ ಹಬ್ಬಿತು. 1993 ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ಅದೆಲ್ಲ ಶುರುವಾಗಿದ್ದು ಕೂತು ಓದಿ, ಬಾಯಿ ಬಿಟ್ಟು ಮಾತಾಡಿದ್ದರಿಂದ.

ನೆನಪಿಡೋಣ

1. ಮರುದಿನದ ಸಂಕಟಕ್ಕೆ ಮೂಲ ಕಾರಣ ಕುಡಿತ. ಹೆಚ್ಚು ಕುಡಿದಷ್ಟೂ ಸಂಕಟ ಹೆಚ್ಚು.
2. ಅಂಜಿಕೆ, ಕೊರಗು, ದುಃಖ, ನೋವನ್ನು ದೊಡ್ಡದು ಮಾಡುವ ಸ್ವಭಾವ ಆ ಸಂಕಟವನ್ನು ಏರಿಸುತ್ತವೆ.
3. ಬೆಳಗಿನ ಸಿಟ್ಟಿಗೆ ಹೆಂಡತಿ ಮಕ್ಕಳು ಕಾರಣ ಅಲ್ಲ.
4. ಸಂಕಟ ಆಗದವರ ಮೈಯೂ ಒಳಗೆ ಕೆಡುತ್ತದೆ.
5. ದಿನಾ ಕುಡಿಯುವವರು ಡಾಕ್ಟರ ಸಹಾಯದಿಂದಲೇ ಬಿಡಬೇಕು.
6. ಗುಟ್ಟಾಗಿ ಯಾವ ಪುಡಿಯನ್ನೂ ಬೆರೆಸಬಾರದು.

ಕೂತು ಮಾತಾಡೋಣ

ಒಂದು ಕ್ವಾರ್ಟರ್ ಮದ್ಯ ಕರಗಲು ಎಷ್ಟು ಗಂಟೆ ಬೇಕು? ಎರಡು ಕ್ವಾರ್ಟರಿಗೆ ಎಷ್ಟು? ಲೆಕ್ಕ ಮಾಡಿ.

“ನಿನ್ನಿಂದಲೇ ನನಗೆ ತಲೆನೋವು” ಅಂದವರಿಗೆ ನಾವು ಈಗ ಏನು ಉತ್ತರ ಹೇಳಬಹುದು?

ಒಂದು ತಿಂಗಳಲ್ಲಿ ಕುಡಿತಕ್ಕೆ ಹೋದ ದುಡ್ಡು ಎಷ್ಟು? ಮರುದಿನ ತಪ್ಪಿದ ಕೂಲಿ ಎಷ್ಟು? ಎರಡನ್ನೂ ಕೂಡಿಸಿ ಬರೆಯಿರಿ.